ಗೋಲ್‌ಕೀಪರ್ ಉಚ್ಚಂಗೆಪ್ಪನ ದನದ ವ್ಯಾಪಾರ

ನಮ್ಮ ಹರಪನಹಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿಗೆ ಹೋಗಿ, ಹತ್ತು ವರ್ಷ ಫುಟ್‌ಬಾಲ್ ಆಡಿ, ಅದರಿಂದಲೇ ಹೊಟ್ಟೆ ಹೊರೆದುಕೊಂಡವನು ಒಬ್ಬನೇ ಒಬ್ಬ. ಅವನ ಹೆಸರು ಉಚ್ಚಂಗೆಪ್ಪ. ಅಂಥವನನ್ನು ಊರಿನವರು ತಲೆಯ ಮೇಲೆ ಹೊತ್ತು ಮೆರೆಸಿರಬೇಕು ಎಂದು ನೀವು ತಿಳಿದರೆ ನಿಮಗೆ ನಮ್ಮ ಊರಿನ ಪರಿಚಯವಿಲ್ಲ. ನಮಗೆ ಕಬಡ್ಡಿ ಗೊತ್ತು, ವಾಲಿಬಾಲ್ ಗೊತ್ತು, ಇಸ್ಪೀಟಂತೂ ಬಹಳ ಚೆನ್ನಾಗಿ ಗೊತ್ತು. ಫುಟ್‌ಬಾಲಿನ ವಿಚಾರದಲ್ಲಿ ನಮಗೆ ಗೊತ್ತಿದ್ದುದು ಇಷ್ಟೇ: ಅದರಲ್ಲಿ ಗೋಲು ಹೊಡೆಯುತ್ತಾರೆ. ಉಚ್ಚಂಗೆಪ್ಪನ ಹಣೆಬರಹಕ್ಕೆ ಅವನು ಗೋಲ್‌ಕೀಪರ್.

ನಾನೂ ಅವನೂ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಶಾಲೆಯಲ್ಲಿ ಒಂದು ಫುಟ್‌ಬಾಲ್ ಇತ್ತು. ಸವೆದೀತು ಎಂದು ಹೆಡ್‌ಮಾಸ್ತರರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಕೋಲಾರದ ಕಡೆಯಿಂದ ವರ್ಗವಾಗಿ ಬಂದ ಡ್ರಿಲ್ ಮಾಸ್ತರರೊಬ್ಬರು ಜಗಳ ಮಾಡಿ ಅದನ್ನು ಹೊರಗೆ ತೆಗೆಸಿದರು. ನಮ್ಮ ಮೈದಾನವೆಂದರೆ ಕೆಂಪು ಗರಸು. ಅದರ ಮೇಲೆ ಬಿದ್ದರೆ ಚರ್ಮ ಅಲ್ಲೇ ಉಳಿಯುತ್ತಿತ್ತು. ಹಾಗಾಗಿ ಎರಡು ಕಲ್ಲುಗಳ ನಡುವೆ ನಿಂತು ಬೀಳುವ ಕೆಲಸಕ್ಕೆ ಯಾರೂ ಮುಂದೆ ಬರಲಿಲ್ಲ. ಉಚ್ಚಂಗೆಪ್ಪ ಎತ್ತರದ ಆಳು, ಮಾತು ಕಡಿಮೆ, ಬೇಡ ಎನ್ನಲು ಬಾರದವನು. ಅವನನ್ನು ನಿಲ್ಲಿಸಿದರು. ಅವನು ಬಿದ್ದ. ಎದ್ದು ಮತ್ತೆ ಬಿದ್ದ. ಮನೆಗೆ ಹೋದರೆ ಅವ್ವ ಮಾರೆಮ್ಮ ಅಂಗಿ ಹರಿದದ್ದಕ್ಕೆ ಬೈದಳು. ಮೊಣಕೈ ಹರಿದದ್ದು ಅಂಗಿಯಷ್ಟು ಬೆಲೆಯದಲ್ಲ ನೋಡಿ.

ಡ್ರಿಲ್ ಮಾಸ್ತರರು ಅವನನ್ನು ಬಳ್ಳಾರಿಗೆ ಕರೆದುಕೊಂಡು ಹೋದರು. ಅಲ್ಲಿಂದ ಯಾರೋ ಬೆಂಗಳೂರಿಗೆ ಕರೆದರು. ಎಪ್ಪತ್ತೊಂದನೇ ಇಸವಿಯಲ್ಲಿ ಅಲ್ಲಿಯ ಒಂದು ದೊಡ್ಡ ಕಾರ್ಖಾನೆಯವರು ಅವನನ್ನು ಕೆಲಸಕ್ಕೆ ತೆಗೆದುಕೊಂಡರು. ಕಾಗದದಲ್ಲಿ ಅವನು ಉಗ್ರಾಣದ ಹೆಲ್ಪರ್. ಉಗ್ರಾಣ ಯಾವ ದಿಕ್ಕಿಗಿದೆ ಎಂಬುದು ಅವನಿಗೆ ಬಹಳ ದಿನ ಗೊತ್ತಿರಲಿಲ್ಲ. ಬೆಳಿಗ್ಗೆ ಮೈದಾನ, ಸಂಜೆ ಮೈದಾನ, ತಿಂಗಳಿಗೊಮ್ಮೆ ಸಂಬಳ. ಇದನ್ನು ಕೇಳಿ ಅವನ ಅಪ್ಪ ಗಾದಿಲಿಂಗಪ್ಪ, ಚೆಂಡು ಹಿಡಿಯುವವನಿಗೂ ಪಗಾರ ಕೊಡುತ್ತಾರೆಂದರೆ ಬೆಂಗಳೂರಿನವರಿಗೆ ರೊಕ್ಕ ಹೆಚ್ಚಾಗಿರಬೇಕು ಎಂದು ಸಂತೆಯಲ್ಲಿ ನಾಲ್ಕು ಜನರೆದುರು ಹೇಳಿದನಂತೆ. ಮಗ ಮೊದಲ ಸಲ ರಜೆಗೆ ಬಂದಾಗ ಅವನೆದುರು ಅಷ್ಟನ್ನೂ ಹೇಳಲಿಲ್ಲ. ಅಪ್ಪ ಮಗನಿಗೆ ಮಾತು ಅಷ್ಟಕ್ಕಷ್ಟೆ. ಅವರ ಮನೆಯಲ್ಲಿ ಮಾತಾಡುವ ಕೆಲಸವನ್ನೆಲ್ಲ ಮಾರೆಮ್ಮ ಒಬ್ಬಳೇ ಮಾಡುತ್ತಿದ್ದಳು.

ಬೆಂಗಳೂರಿನವರು ಮಾತ್ರ ಬಹಳ ಬುದ್ಧಿವಂತರು. ಉಚ್ಚಂಗೆಪ್ಪ ಎಂಬ ಹೆಸರನ್ನು ಅವರು ಪೇಪರಿನಲ್ಲಿ ‘ಯು. ಚಂಗಪ್ಪ’ ಮಾಡಿದರು. ಕೊಡಗಿನವರು ಯಾರೋ ಇವನು ನಮ್ಮವನು ಎಂದು ಮದುವೆಗೂ ಕರೆದಿದ್ದರಂತೆ. ಹೋಗಿ ಉಂಡು ಬಂದ. ಆ ಪೇಪರನ್ನು ಅವನು ಊರಿಗೆ ತಂದರೆ ನಮ್ಮವರು ತಿರುಗಿಸಿ ಮುರುಗಿಸಿ ನೋಡಿ, ಇದರಾಗ ನಿನ್ನ ಹೆಸರು ಎಲ್ಲೈತಿ ಎಂದು ಕೇಳಿದರು. ಫೋಟೋದಲ್ಲಿ ಚೆಂಡಿನ ಹಿಂದೆ ಅರ್ಧ ಮುಖ ಕಾಣುತ್ತಿತ್ತು. ಅದು ಯಾರ ಮುಖವಾದರೂ ಆಗಬಹುದಾಗಿತ್ತು.

ಎಪ್ಪತ್ತೇಳರಲ್ಲಿ ಅವರ ತಂಡ ಏನೋ ದೊಡ್ಡ ಕಪ್ಪು ಗೆದ್ದಿತು. ಆಗ ನಮ್ಮ ಯುವಕ ಸಂಘದವರು ಎಚ್ಚೆತ್ತರು. ಬಟ್ಟೆ ಅಂಗಡಿಯ ನಾಗೇಂದ್ರಪ್ಪನವರು ಸಂಘದ ಅಧ್ಯಕ್ಷರು. ವಯಸ್ಸು ಐವತ್ತು ದಾಟಿತ್ತು, ಆದರೂ ಯುವಕರ ಜವಾಬ್ದಾರಿ ಬಿಟ್ಟಿರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಶಾಮಿಯಾನ ಹಾಕಿ ಸನ್ಮಾನ ಮಾಡಿದರು. ನಾಗೇಂದ್ರಪ್ಪನವರು ಮೈಕಿನ ಮುಂದೆ ನಿಂತು, ಅಸಂಖ್ಯಾತ ಗೋಲುಗಳನ್ನು ಹೊಡೆದು ಊರಿನ ಕೀರ್ತಿ ಹೆಚ್ಚಿಸಿದ ವೀರ ಎಂದರು. ಉಚ್ಚಂಗೆಪ್ಪ ಹಾರ ಹಾಕಿಸಿಕೊಂಡು ತಲೆ ತಗ್ಗಿಸಿ ಕುಳಿತಿದ್ದ. ಕೆಳಗಿಳಿದ ಮೇಲೆ ಜನ ಸುತ್ತುವರಿದು ಒಟ್ಟು ಎಷ್ಟು ಹೊಡೆದೆ ಎಂದು ಕೇಳಿದರು. ಸುಳ್ಳು ಹೇಳಲು ಬಾರದ ಪ್ರಾಣಿ, ಒಂದೂ ಇಲ್ಲ ಎಂದ. ಹೊಡೆಯುವುದು ತನ್ನ ಕೆಲಸವಲ್ಲ, ಒಳಗೆ ಬಿಡದೆ ಕಾಯುವುದು ತನ್ನ ಕೆಲಸ ಎಂದು ವಿವರಿಸಿಯೂ ನೋಡಿದ.

“ಅಂದ್ರ ವಾಚ್‌ಮನ್ ಕೆಲಸ ಅನ್ನು” ಎಂದು ಯಾರೋ ಹಿಂದಿನಿಂದ ಹೇಳಿದರು. ಎಲ್ಲರಿಗೂ ಅರ್ಥವಾಯಿತು. ಅಂದಿನಿಂದ ಊರಿನಲ್ಲಿ ಅವನ ವಿಷಯ ಯಾರಿಗೂ ಗೊಂದಲವಿರಲಿಲ್ಲ. ಗಾದಿಲಿಂಗಪ್ಪ ಆ ಸನ್ಮಾನಕ್ಕೆ ಬಂದಿರಲಿಲ್ಲ. ಅಂದು ತಂಬ್ರಹಳ್ಳಿಯಲ್ಲಿ ಒಂದು ಜೋಡಿ ಎತ್ತು ನೋಡಲು ಹೋಗಿದ್ದ. ಎತ್ತು ನಾಳೆಯೂ ಅಲ್ಲೇ ಇರುತ್ತಿದ್ದವು.

ಎಂಬತ್ತೊಂದರ ಹೊತ್ತಿಗೆ ಉಚ್ಚಂಗೆಪ್ಪನ ಮೊಣಕಾಲು ಸವೆದಿತ್ತು, ಬಲಗೈ ಕೆಟ್ಟಿತ್ತು. ಕೈ ಕೆಟ್ಟ ಸಂಗತಿಯನ್ನು ಅವನು ಯಾರಿಗೂ ಹೇಳಿರಲಿಲ್ಲ. ಕಾರ್ಖಾನೆಯವರು ದಯಾಳುಗಳು, ಆಡಲಾಗದಿದ್ದರೇನು, ನೀನು ಹೆಲ್ಪರ್ ಅಲ್ಲವೇ ಎಂದು ನೆನಪು ಮಾಡಿಕೊಟ್ಟು ಉಗ್ರಾಣಕ್ಕೆ ಕಳಿಸಿದರು. ಹತ್ತು ವರ್ಷದ ಮೇಲೆ ಅವನು ಮೊದಲ ಬಾರಿ ಉಗ್ರಾಣದ ಬಾಗಿಲು ನೋಡಿದ. ಆರು ತಿಂಗಳು ಪೆಟ್ಟಿಗೆ ಹೊತ್ತು, ರಾಜೀನಾಮೆ ಕೊಟ್ಟು, ಬಂದಷ್ಟು ದುಡ್ಡು ತೆಗೆದುಕೊಂಡು ಊರಿಗೆ ಬಂದ. ಬಿಸಿನೆಸ್ ಮಾಡುತ್ತೇನೆ ಎಂದ.

ಮೊದಲು ಹಗರಿಬೊಮ್ಮನಹಳ್ಳಿಯಲ್ಲಿ ಆಟದ ಸಾಮಾನಿನ ಅಂಗಡಿ ತೆರೆದ. ನಾಗೇಂದ್ರಪ್ಪನವರೇ ರಿಬ್ಬನ್ ಕತ್ತರಿಸಿದರು. ಕತ್ತರಿ ಅಂಗಡಿಯದು, ಹೋಗುವಾಗ ಜೇಬಿನಲ್ಲಿ ಹೋಯಿತು. ಸೂರಿಗೆ ಫುಟ್‌ಬಾಲುಗಳನ್ನು ಬಲೆಯಲ್ಲಿ ಕಟ್ಟಿ ತೂಗುಬಿಟ್ಟಿದ್ದ. ಒಂದೂ ಖರ್ಚಾಗಲಿಲ್ಲ. ಖರ್ಚಾದದ್ದು ಕೇರಂ ಪೌಡರ್, ಬಸ್ಸಿನ ಕಂಡಕ್ಟರುಗಳಿಗೆ ಸೀಟಿ, ಮತ್ತು ಮೊಣಕಾಲಿಗೆ ಹಾಕುವ ಪಟ್ಟಿ. ಪಟ್ಟಿಯನ್ನು ಕೊಂಡವರೆಲ್ಲ ಅರವತ್ತು ದಾಟಿದ ಮುದುಕಿಯರು. ಅವರು ಅಂಗಡಿಯ ಮುಂದೆ ಕುಳಿತು ಕಾಲು ನೋವಿನ ಕಥೆ ಹೇಳುತ್ತಿದ್ದರು, ಇವನು ತನ್ನ ಕಾಲು ಒತ್ತಿಕೊಳ್ಳುತ್ತಾ ಕೇಳುತ್ತಿದ್ದ. ವರ್ಷ ತುಂಬುವುದರೊಳಗೆ ಅಂಗಡಿ ಬಾಗಿಲು ಹಾಕಿತು.

ಉಳಿದದ್ದು ಅಪ್ಪನ ಕಸುಬು. ಗಾದಿಲಿಂಗಪ್ಪ ದನದ ಸಂತೆಯ ದಲ್ಲಾಳಿ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ಬೆಲೆ ಕುದುರಿಸುವವನು. ದಲ್ಲಾಳಿಗಳಲ್ಲೆಲ್ಲ ಹಿರಿಯ. ಬೇವಿನ ಮರದ ಬುಡದಲ್ಲಿ ಅವನದೇ ಒಂದು ಜಾಗ. ಈಗ ವಯಸ್ಸಾಗಿ ಬಿಸಿಲಿಗೆ ನಿಲ್ಲಲಾಗುತ್ತಿರಲಿಲ್ಲ. ಮಗ ಬಂದು ನಿಲ್ಲದಿದ್ದರೆ ಆ ಜಾಗ ಬೇರೆಯವರ ಪಾಲಾಗುತ್ತಿತ್ತು. ನಿಂತುಕೋ ಎಂದು ಗಾದಿಲಿಂಗಪ್ಪ ಮಗನಿಗೆ ಹೇಳಲಿಲ್ಲ, ಮಾರೆಮ್ಮನ ಬಾಯಲ್ಲಿ ಹೇಳಿಸಿದ. ಉಚ್ಚಂಗೆಪ್ಪನಿಗೆ ಆಗ ಮೂವತ್ತೆರಡು. ಹೆಂಡತಿ ಪಂಪಮ್ಮ, ಎರಡು ಮಕ್ಕಳು. ಅಂಗಡಿಯಲ್ಲಿ ಇದ್ದದ್ದೆಲ್ಲ ಕರಗಿತ್ತು. ಈ ಜಾಗ ತಪ್ಪಿದರೆ ಅವನಿಗೆ ಊರಿನಲ್ಲಿ ಮತ್ತೊಂದು ಜಾಗವಿರಲಿಲ್ಲ.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದು ನಾಚಿಕೆಗೇಡು. ದಲ್ಲಾಳಿ ಹೆಗಲ ಮೇಲಿನ ಟವೆಲನ್ನು ಕೈ ಮೇಲೆ ಇಳಿಬಿಟ್ಟು, ಅದರ ಕೆಳಗೆ ಎದುರಿನವನ ಬೆರಳುಗಳನ್ನು ಹಿಡಿಯುತ್ತಾನೆ. ಸಾವಿರದ ಮಾತು ಎಲ್ಲರಿಗೂ ಗೊತ್ತಿದ್ದದ್ದೇ. ಅದರ ಮೇಲೆ ಎಷ್ಟು ಬೆರಳು ಹಿಡಿದನೋ ಅಷ್ಟು ನೂರು. ಕೊಳ್ಳುವವನಿಂದ ತಿಳಿದದ್ದನ್ನು ಮಾರುವವನ ಕೈಗೆ ಮುಟ್ಟಿಸುತ್ತಾನೆ. ಇಬ್ಬರೂ ಒಪ್ಪಿ ಟವೆಲ್ ಎತ್ತಿದ ಮೇಲೆ ಮಾತು ಬದಲಾಗುವಂತಿಲ್ಲ. ಹೆಚ್ಚುಕಡಿಮೆಯಾದರೆ ದಲ್ಲಾಳಿ ತನ್ನ ಜೇಬಿನಿಂದ ತುಂಬಿಕೊಡಬೇಕು. ಎಡಗೈಯನ್ನು ಯಾರೂ ಮುಟ್ಟುವುದಿಲ್ಲ. ಅಪ್ಪ ಮಕ್ಕಳು ಒಂದೇ ಟವೆಲಿನ ಕೆಳಗೆ ಕೈ ಹಾಕುವಂತಿಲ್ಲ, ಒಳಗೊಳಗೇ ಹೊಂದಿಸಿಕೊಂಡರು ಎಂಬ ಮಾತು ಬರುತ್ತದೆ. ಆದ್ದರಿಂದ ಗಾದಿಲಿಂಗಪ್ಪ ಮಗನಿಗೆ ಕಸುಬನ್ನೆಲ್ಲ ದೂರದಿಂದಲೇ ಕಲಿಸಿದ. ಅದೂ ಗೋಡೆಯ ಕಡೆ ಮುಖ ಮಾಡಿ.

ಉಚ್ಚಂಗೆಪ್ಪ ದಲ್ಲಾಳಿಯಾಗಿ ನಿಂತ ಮೊದಲ ಸಂತೆಯಲ್ಲೇ ವಿಚಿತ್ರ ನಡೆಯಿತು. ತಂಬ್ರಹಳ್ಳಿಯ ಪಕ್ಕೀರಪ್ಪ ಎಂಬ ರೈತನ ಎತ್ತುಗಳಿಗೆ ಇಟ್ಟಿಗಿಯ ಒಬ್ಬ ಗಿರಾಕಿ ಬಂದ. ಗಿರಾಕಿ ಮೂರು ಬೆರಳು ಹಿಡಿದ. ಇವನು ಹೋಗಿ ಪಕ್ಕೀರಪ್ಪನ ಮೂರು ಬೆರಳು ಹಿಡಿದ. ಪಕ್ಕೀರಪ್ಪ ಖುಷಿಯಿಂದ ಒಪ್ಪಿದ. ಟವೆಲ್ ಎತ್ತಿದ ಮೇಲೆ ನೋಡಿದರೆ, ಗಿರಾಕಿ ಮೂರು ಎನ್ನುತ್ತಾನೆ, ಪಕ್ಕೀರಪ್ಪ ನಾಲ್ಕು ಎಂದು ಉಚ್ಚಂಗಿ ದೇವಿಯ ಮೇಲೆ ಆಣೆ ಮಾಡುತ್ತಾನೆ. ಉಚ್ಚಂಗೆಪ್ಪ ತನ್ನ ಕೈಯನ್ನೊಮ್ಮೆ ನೋಡಿಕೊಂಡು, ನೂರು ರೂಪಾಯಿ ತುಂಬಿಕೊಟ್ಟ.

ಅವನಿಗೆ ಆಗಲೇ ತಿಳಿದಿತ್ತು. ಬಲಗೈ ಕಿರುಬೆರಳು ಮುರಿದು, ನೆಟ್ಟಗೆ ಕೂಡಿಕೊಂಡು, ಮಡಚುವುದನ್ನು ಬಿಟ್ಟಿತ್ತು. ಜೊತೆಗೆ ಸ್ಪರ್ಶವೂ ಸತ್ತಿತ್ತು. ಅವನು ಮೂರು ಹಿಡಿದಾಗ ಆ ಸತ್ತ ಬೆರಳು ಎದುರಿನವನ ನಾಲ್ಕನೆಯ ಬೆರಳಿಗೆ ಒತ್ತಿಕೊಂಡಿರುತ್ತಿತ್ತು. ಒತ್ತಿದ್ದು ಅವನಿಗೇ ಗೊತ್ತಾಗುತ್ತಿರಲಿಲ್ಲ. ಹೇಳಿಬಿಡಬಹುದಿತ್ತು. ಆದರೆ ಬೆರಳು ಸತ್ತ ದಲ್ಲಾಳಿಯನ್ನು ಸಂತೆಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಎಚ್ಚರಿಕೆಯಿಂದ ಹಿಡಿದರೆ ಆಯಿತು ಎಂದುಕೊಂಡ. ಎಚ್ಚರಿಕೆಯಿಂದ ಹಿಡಿದ ಮುಂದಿನ ಸಂತೆಯಲ್ಲಿ ಎರಡು ಕಡೆ ತುಂಬಿಕೊಟ್ಟ.

ಇಂಥ ಸುದ್ದಿ ನಮ್ಮ ಸೀಮೆಯಲ್ಲಿ ಹರಡಲು ಟಪಾಲು ಬೇಕಿಲ್ಲ. ಗಾದಿಲಿಂಗಪ್ಪನ ಮಗನ ಕೈಗೆ ಕೈ ಕೊಟ್ಟರೆ ನೂರು ಹೆಚ್ಚು ಸಿಗುತ್ತದೆ ಎಂದು ಕೂಡ್ಲಿಗಿಯಿಂದ ಹಡಗಲಿಯವರೆಗೂ ಗೊತ್ತಾಯಿತು. ಮಾರುವವರೆಲ್ಲ ಬೇವಿನ ಮರದ ಕೆಳಗೆ ಸಾಲುಗಟ್ಟಿದರು. ಫುಟ್‌ಬಾಲ್ ಆಡಿದ ಹತ್ತು ವರ್ಷದಲ್ಲಿ ಅವನನ್ನು ನೋಡಲು ಊರಿನಿಂದ ಒಬ್ಬನೂ ಹೋಗಿರಲಿಲ್ಲ; ಈಗ ದನ ಹಿಡಿದುಕೊಂಡು ಬಂದರು. ಮೂರು ಎಂದರೂ ನಾಲ್ಕು ಎನ್ನುವವರು, ಎರಡು ಎಂದರೂ ನಾಲ್ಕು ಎನ್ನುವವರು, ಕೈ ಮುಟ್ಟುವ ಮುಂಚೆಯೇ ನಾಲ್ಕು ಎನ್ನುವವರು ಎಲ್ಲರೂ ಇದ್ದರು. ಸಂತೆಯಲ್ಲಿ ಅವನಷ್ಟು ವ್ಯಾಪಾರ ಯಾರಿಗೂ ಇರಲಿಲ್ಲ. ಪಂಪಮ್ಮನ ಕಿವಿಯ ಓಲೆ ಹೋಯಿತು, ಆಮೇಲೆ ಬೆಂಗಳೂರಿನಿಂದ ತಂದ ರೇಡಿಯೋ ಹೋಯಿತು. ಗಂಡನ ವ್ಯಾಪಾರ ಇದೇ ರೀತಿ ಬೆಳೆದರೆ ತಾನು ಕೂಲಿಗೆ ಹೋಗಬೇಕಾಗುತ್ತದೆ ಎಂದು ಅವಳು ನಮ್ಮ ಮನೆಯಲ್ಲಿ ಹೇಳಿ ಅತ್ತಳು. ನಗುವ ಮಾತಾಗಿರಲಿಲ್ಲ, ಆದರೂ ಕೇಳಿದವರು ನಕ್ಕರು. ನನಗೂ ನಗು ಬಂದಿತ್ತು.

ಗಿರಾಕಿ ಕಳೆದುಕೊಂಡ ಉಳಿದ ದಲ್ಲಾಳಿಗಳು ನಗುವ ಸ್ಥಿತಿಯಲ್ಲಿರಲಿಲ್ಲ. ಅವರಲ್ಲಿ ಹಿರಿಯ ಅಹಮದಸಾಬ, ಗಾದಿಲಿಂಗಪ್ಪನ ಜೊತೆ ಮೂವತ್ತು ವರ್ಷ ಅಕ್ಕಪಕ್ಕ ನಿಂತು ದುಡಿದವನು. ಅವನ ಲೆಕ್ಕ ನೇರವಾಗಿತ್ತು: ಯಾವ ಹುಚ್ಚನೂ ಕೈಯಿಂದ ಹಾಕಿ ವ್ಯಾಪಾರ ಮಾಡುವುದಿಲ್ಲ. ಈ ಹುಡುಗ ಬೇಕೆಂದೇ ಟವೆಲಿನ ಕೆಳಗೆ ಬೆಲೆ ಏರಿಸಿ ಹೇಳುತ್ತಾನೆ. ಮಾರುವವರನ್ನೆಲ್ಲ ತನ್ನ ಕಡೆ ಎಳೆದುಕೊಂಡು, ಉಳಿದವರು ಸಂತೆ ಬಿಟ್ಟ ಮೇಲೆ ತನ್ನ ಮನಸ್ಸಿಗೆ ಬಂದಂತೆ ಆಳುತ್ತಾನೆ. ಬೆಂಗಳೂರಿನ ಬಿಸಿನೆಸ್ ಎಂದರೆ ಇದೇ ಅಲ್ಲವೇ. ಮೋಸ ಎಂಬ ಮಾತು ಬೇವಿನ ಮರದ ಕೆಳಗೆ ಮೊದಲ ಸಲ ಕೇಳಿಬಂತು.

ಮುಂದಿನ ಸಂತೆಯ ದಿನ ಗಾದಿಲಿಂಗಪ್ಪನನ್ನು ಮನೆಯಿಂದ ಕರೆಸಿದರು. ದಲ್ಲಾಳಿಗಳೆಲ್ಲ ಸುತ್ತ ಕುಳಿತರು, ಅವರ ಸುತ್ತ ಸಂತೆ ನಿಂತಿತು. ನಾನೂ ಆ ದಿನ ಆಫೀಸಿಗೆ ಚಕ್ಕರ್ ಹೊಡೆದು ಅಲ್ಲಿದ್ದೆ. ಉಚ್ಚಂಗೆಪ್ಪನನ್ನು ಕೇಳಿದರು, ಯಾಕೆ ಹೀಗೆ ಮಾಡಿದೆ ಎಂದು. ಅವನು ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಬೆರಳು ಸತ್ತಿದೆ ಎಂದರೆ ಜಾಗ ಹೋಗುತ್ತದೆ. ಹೇಳದಿದ್ದರೆ ಮೋಸಗಾರ ಎಂಬ ಹೆಸರು ಅಪ್ಪನ ಎದುರಿಗೇ ನಿಲ್ಲುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲಾರದೆ ಅವನು ನೆಲ ನೋಡುತ್ತಿದ್ದ.

ಅಹಮದಸಾಬ ಕೊನೆಗೆ ಗಾದಿಲಿಂಗಪ್ಪನ ಕಡೆ ತಿರುಗಿದ. “ಬಾಯಿ ಬಿಡವಲ್ಲ ನೋಡು. ಅಪ್ಪ ಮಗ ಟವಲ್ ತೆಳಗ ಕೈ ಹಾಕಬಾರದು, ಖರೆ. ಇವತ್ತೊಂದಿನ ನಾವಾ ಹೇಳ್ತೀವಿ, ಹಾಕು. ಐವತ್ತು ವರ್ಷ ಮಂದಿ ಕೈ ಹಿಡದೀಯ. ಮೋಸದ ಕೈ ಯಾವುದು ಅನ್ನೋದು ನಿನಗ ಗೊತ್ತಾಗ್ತೈತಿ. ನೀ ಏನಂದ್ರೂ ನಾವು ಕೇಳ್ತೀವಿ.”

ಗಾದಿಲಿಂಗಪ್ಪ ಹೆಗಲ ಮೇಲಿನ ಟವೆಲ್ ತೆಗೆದು, ಮಗನನ್ನು ಎದುರಿಗೆ ಕೂರಿಸಿಕೊಂಡು, ಕೈ ಮುಂದೆ ಚಾಚಿದ. ಇಬ್ಬರ ಕೈ ಟವೆಲಿನ ಕೆಳಗೆ ಹೋದವು. ತಲೆಗಳು ಹತ್ತಿರ ಬಂದವು. ತುಟಿ ಅಲ್ಲಾಡುತ್ತಿದ್ದವು, ಮಾತು ಕೇಳಿಸುತ್ತಿರಲಿಲ್ಲ. ಮೆಲ್ಲಗೆ ಮಾತಾಡುವುದು ದಲ್ಲಾಳಿಗಳಿಗೆ ಅಭ್ಯಾಸ. ಎತ್ತಿನ ವ್ಯಾಪಾರ ಮುಗಿಯುವಷ್ಟು ಹೊತ್ತಾಯಿತು. ಎಮ್ಮೆಯ ವ್ಯಾಪಾರ ಮುಗಿಯುವಷ್ಟು ಹೊತ್ತಾಯಿತು. ಎಮ್ಮೆಯದು ಇನ್ನೂ ನಿಧಾನ. ಜನ ಬೇಸತ್ತು ಬೀಡಿ ಹಚ್ಚಿದರು. ಮುದುಕ ಲೆಕ್ಕ ಮರೆತಿರಬೇಕು ಎಂದು ನನ್ನ ಪಕ್ಕದವನು ಹೇಳಿದ.

ಕಡೆಗೆ ಗಾದಿಲಿಂಗಪ್ಪ ಟವೆಲ್ ಎತ್ತಿದ.

“ಈ ಕೈಯಾಗ ಮೋಸ ಇಲ್ಲ, ಅಹಮದಸಾಬ. ಬೆರಳಿಗೆ ಜೀವ ಇಲ್ಲ” ಎಂದ. ಟವೆಲನ್ನು ಮಡಚಿ ಹೆಗಲಿಗೆ ಹಾಕಿಕೊಂಡು, “ಟವಲಿಗೆ ಬರೋ ಕೈ ಅಲ್ಲ ಇದು. ಜಾಗ ಬಿಟ್ಟೀವಿ” ಎಂದ.

ಸಂತೆಗೆ ಅಷ್ಟು ಸಾಕಾಯಿತು. ಅಹಮದಸಾಬ ಎದ್ದು ಬಂದು ಉಚ್ಚಂಗೆಪ್ಪನ ಕೈಯನ್ನು ಎಲ್ಲರೆದುರು ಬಿಚ್ಚಿ ನೋಡಿ, ಕಿರುಬೆರಳನ್ನು ಚಿವುಟಿ, ತೋಬಾ ಎಂದು ತನ್ನ ಕೆನ್ನೆಗೆ ತಾನೇ ಬಡಿದುಕೊಂಡ. ಮೋಸಗಾರ ಎಂಬ ಹೆಸರು ಅಲ್ಲಿಗೆ ಹೋಯಿತು, ಬೇವಿನ ಮರದ ಜಾಗವೂ ಹೋಯಿತು. ಹೆಚ್ಚಿಗೆ ನೂರು ಇಸಿದುಕೊಂಡವರು ವಾಪಸು ಕೊಟ್ಟರೇ ಎಂದು ನೀವು ಕೇಳಬಹುದು. ಅವರು ಬಹಳ ಮರುಗಿದರು. ಮರುಗುವುದರಲ್ಲಿ ನಮ್ಮವರು ಎಂದೂ ಕೈ ಹಿಡಿತ ಮಾಡಿದವರಲ್ಲ.

ಆಮೇಲೆ ಉಚ್ಚಂಗೆಪ್ಪ ಹೊಟ್ಟೆಗಿಲ್ಲದೆ ಸಾಯಲಿಲ್ಲ. ಅಹಮದಸಾಬನೇ ಜಾಮೀನು ನಿಂತು ಅವನಿಗೊಂದು ಹಳೆಯ ಟೆಂಪೋ ಕೊಡಿಸಿದ. ಸಂತೆಯಲ್ಲಿ ಮಾರಿದ ದನಗಳನ್ನು ಕೊಂಡವರ ಊರಿಗೆ ಮುಟ್ಟಿಸುವುದು ಅವನ ಹೊಸ ಬಿಸಿನೆಸ್. ನಾಲ್ಕು ಕಾಲಿರುವ ಪ್ರಾಣಿಗೆ ಗಾಡಿ ಯಾಕೆ ಎಂದು ರೈತರು ಒಂದು ವರ್ಷ ನಕ್ಕರು. ಎರಡನೇ ವರ್ಷ ತಾವೂ ಎತ್ತಿನ ಪಕ್ಕದಲ್ಲಿ ಹತ್ತಿಕೊಂಡು ಹೋಗತೊಡಗಿದರು. ಎತ್ತಿಗೆ ಬಾಡಿಗೆ, ತಮಗೆ ಪುಕ್ಕಟೆ. ಎಂಬತ್ತೈದರ ಹೊತ್ತಿಗೆ ಅವನ ಹತ್ತಿರ ಎರಡು ಗಾಡಿಗಳಿದ್ದವು, ಪಂಪಮ್ಮನ ಕಿವಿಗೆ ಓಲೆ ಬಂದಿತ್ತು. ನಾಗೇಂದ್ರಪ್ಪನವರು ಯಶಸ್ವಿ ಉದ್ಯಮಿ ಎಂದು ಮತ್ತೊಂದು ಸನ್ಮಾನ ಮಾಡಲು ಬಂದಾಗ, ಗಾಡಿ ರಿಪೇರಿಯಲ್ಲಿದೆ ಎಂದು ಹೇಳಿ ತಪ್ಪಿಸಿಕೊಂಡ. ಅಷ್ಟರಮಟ್ಟಿಗೆ ಸುಳ್ಳು ಹೇಳುವುದನ್ನು ಬಿಸಿನೆಸ್ಸು ಅವನಿಗೆ ಕಲಿಸಿತ್ತು.

ಗಾದಿಲಿಂಗಪ್ಪ ಎಂಬತ್ತಾರರಲ್ಲಿ ತೀರಿಕೊಂಡ. ಆ ದಿನ ಟವೆಲಿನ ಕೆಳಗೆ ಏನಾಯಿತು ಎಂದು ನಾನು ಉಚ್ಚಂಗೆಪ್ಪನನ್ನು ಕೇಳಿದ್ದು ಅದಾದ ಮೇಲೆ. ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಅವನ ಟೆಂಪೋದಲ್ಲಿ ಹೊರಟಿದ್ದೆ. ಹಿಂದೆ ಎರಡು ಹೋರಿ, ಮುಂದೆ ನಾವಿಬ್ಬರು. ಅವನು ಸ್ಟೇರಿಂಗ್ ಹಿಡಿದುಕೊಂಡೇ ಹೇಳಿದ.

ಅಪ್ಪ ಮೊದಲು ಕಿರುಬೆರಳು ಹಿಡಿದು ಉಗುರಿನಿಂದ ಒತ್ತಿದನಂತೆ. ಇವನು ಅಲುಗಾಡಲಿಲ್ಲ. ಇನ್ನಷ್ಟು ಒತ್ತಿದ. ಆಗ ಅಪ್ಪನಿಗೆ ಗೊತ್ತಾಯಿತು. ಅಲ್ಲಿಗೆ ಬಿಡಬಹುದಿತ್ತು, ಬಿಡಲಿಲ್ಲ. ಇದು ಮುರಿದದ್ದು ಎಲ್ಲಿ ಎಂದು ಕೇಳಿದ. ಕಲ್ಕತ್ತಾ ಎಂದ ಇವನು. ಪಕ್ಕದ ಬೆರಳಿನ ಗಂಟು ಸವರಿ, ಇದು? ಬೆಂಗಳೂರು, ಕಂಬಕ್ಕೆ ಬಡಿದದ್ದು. ನಡುಬೆರಳು ಕೇರಳದ ಕಡೆ. ಹೆಬ್ಬೆರಳು ಎರಡು ಸಲ ಸರಿದದ್ದು, ಒಂದು ಸಲ ಹೈದರಾಬಾದು, ಇನ್ನೊಂದು ಸಲ ಎಲ್ಲಿ ಎಂದು ಇವನಿಗೇ ನೆನಪಿರಲಿಲ್ಲ. ಕೊಟ್ಟೂರು ದಾಟಿ ಹೆಚ್ಚು ದೂರ ಹೋಗದ ಮುದುಕ ಒಂದೊಂದು ಬೆರಳಿಗೂ ಒಂದೊಂದು ಊರು ಕೇಳಿದ.

“ಆಮ್ಯಾಲೆ, ಹಿಡದ್ಯಾ ಅಂತ ಕೇಳಿದ ನಮ್ಮಪ್ಪ” ಎಂದ ಉಚ್ಚಂಗೆಪ್ಪ. “ಎಲ್ಲಾ ಹಿಡಿಯಾಕ ಆಗಲಿಲ್ಲ, ಬೆರಳು ಮುರದ ಚೆಂಡು ಮಾತ್ರ ಒಂದೂ ಬಿಟ್ಟಿಲ್ಲ ಅಂದೆ.”

ರಸ್ತೆಯಲ್ಲಿ ಕುರಿ ಅಡ್ಡ ಬಂದವು. ಅವನು ಗಾಡಿ ನಿಲ್ಲಿಸಿ, ಅವು ದಾಟಿದ ಮೇಲೆ ಮತ್ತೆ ಗೇರ್ ಹಾಕಿದ.

“ಊರ ಮಂದಿ ಕೈಯೆಲ್ಲಾ ಹಿಡದು ನೋಡೀನಿ, ನಿನ್ನ ಕೈ ನೋಡಿದ್ದಿಲ್ಲಲ್ಲೋ ಅಂದ ನಮ್ಮಪ್ಪ. ಮುಗೀತಲ್ಲ, ಬಿಡಪ್ಪ, ಮಂದಿ ನೋಡಾಕ ಹತ್ತ್ಯಾರ ಅಂದೆ. ನೋಡ್ಲಿ ಅಂದ. ಬಿಡಲಿಲ್ಲ.”